ಸದ್ದು ಕೇಳಿಸುವ ಕಾರ್ಡು

ಕಂಪ್ರೆಸರ್ ಮೇಸ್ತ್ರಿ ಓಡಿಸಿ ನೋಡದೆ ಯಾವ ಯಂತ್ರವನ್ನೂ ಕೊಂಡವನಲ್ಲ. ಮೂವತ್ತಾರು ವರ್ಷ ಐಸ್ ಫ್ಯಾಕ್ಟರಿಯ ಘಾಟು ಕುಡಿದು, ಎಣ್ಣೆ ನೆಲದ ಮೇಲೆ ಮಂಡಿ ಸವೆಸಿ, ಯಾರೂ ಕಲಿಸದೆ ತಾನೇ ಕಲಿತ ವಿದ್ಯೆ ಅವನದು. ಬಣ್ಣ ಬಳಿದು ನಿಲ್ಲಿಸಿದ ಮೇಲೆ ಎಲ್ಲ ಯಂತ್ರವೂ ಮದುವೆ ಗಂಡಿನ ಹಾಗೇ ಕಾಣುತ್ತದೆ, ಬಾಯಿ ಬಿಟ್ಟಾಗಲೇ ಅದರ ಬಂಡವಾಳ ಬಯಲಾಗುವುದು ಎನ್ನುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಊರಿ, ಹಿಡಿಯನ್ನು ಎಡಗಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದನೆಂದರೆ ಯಾವ ಬೇರಿಂಗ್ ಸವೆದಿದೆ, ಯಾವ ವಾಲ್ವು ಸರಿಯಾಗಿ ಕೂರುತ್ತಿಲ್ಲ ಎಂದು ಕೂತಲ್ಲೇ ಹೇಳಿಬಿಡುತ್ತಿದ್ದ. ಬಲಗಿವಿ ಆ ಸದ್ದಿಗೇ ಬಲಿಯಾಗಿ ಎಷ್ಟೋ ವರ್ಷವಾಗಿತ್ತು. ಕೆಲಸದವರು ಹಿಂದಿನಿಂದ ಅವನನ್ನು ಒಂಟಿಕಿವಿ ಎನ್ನುತ್ತಿದ್ದರು. ಎಡಗಡೆಯಿಂದ ಅಂದರೆ ಕೇಳಿಸುತ್ತದೆ ಎಂದು ಬಲಗಡೆ ನಿಂತು ಅನ್ನುತ್ತಿದ್ದರು.

ಅಂಥವನು ಪರದೇಶದ ವಿಮಾನ ನಿಲ್ದಾಣದಲ್ಲಿ ಇಳಿದು, ಎರಡು ಗಂಟೆ ಸಾಲಿನಲ್ಲಿ ನಿಂತು, ಕಾಲು ಊದಿಸಿಕೊಂಡು, ಫೋನಿನ ಸಿಮ್ ಕಾರ್ಡೊಂದನ್ನು ಮಾತ್ರ ಓಡಿಸಿ ನೋಡದೆ ಕೊಂಡುಬಿಟ್ಟ. ದಣಿವು ಮನುಷ್ಯನ ಕೈಲಿ ಏನೇನು ಮಾಡಿಸುತ್ತದೋ ಯಾರು ಬಲ್ಲರು.

ಅವನನ್ನು ಕರೆದೊಯ್ಯಲು ಬಂದಿದ್ದವನು ಅಲ್ಲಿನ ಐಸ್ ಫ್ಯಾಕ್ಟರಿಯ ಡ್ರೈವರು. ನಮ್ಮ ಮಾತಿನವನೇ. ಪ್ರತಿ ಮಾತಿಗೂ 'ನಾನಿಲ್ಲಿ ಹನ್ನೆರಡು ವರ್ಷದಿಂದ ಇದ್ದೀನಿ' ಎಂದು ಒಗ್ಗರಣೆ ಹಾಕುತ್ತಿದ್ದುದರಿಂದ ಮೇಸ್ತ್ರಿ ಮೊದಲನೆಯ ದಿನವೇ ಅವನಿಗೆ ಹನ್ನೆರಡು ವರ್ಷ ಎಂದು ಹೆಸರಿಟ್ಟ.

ನಿಲ್ದಾಣದ ಬಾಗಿಲ ಬಳಿ ಸಾಲಾಗಿ ಮೂರು ಅಂಗಡಿ. ನೀಲಿ, ಕೆಂಪು, ಹಸಿರು. ಮೂರರಲ್ಲೂ ಒಂದೇ ತರಹದ ನಗು ಅಂಟಿಸಿಕೊಂಡ ಹುಡುಗಿಯರು.

"ನೀಲಿದು ತಗೊಳ್ಳಿ ಮೇಸ್ತ್ರೀ. ನಾನಿಲ್ಲಿ ಹನ್ನೆರಡು ವರ್ಷದಿಂದ ಇದ್ದೀನಿ. ಬಂದವರೆಲ್ಲ ಇದನ್ನೇ ತಗೊಳ್ಳೋದು. ಇಂಟರ್ನೆಟ್ಟು ಎಷ್ಟು ಬೇಕಾದ್ರೂ ಬಳಸಿ. ಮನೆಗೆ ದಿನಪೂರ್ತಿ ಮಾತಾಡಿದ್ರೂ ಪುಕ್ಕಟೆ."

"ಹಾಕಿ ಒಂದ್ಸಲ ಮಾತಾಡಿ ನೋಡಿ, ಆಮೇಲೆ ತಗೋಬಹುದಾ?"

"ಇದೇನು ಮೋಟಾರಾ ಮೇಸ್ತ್ರೀ, ಓಡಿಸಿ ನೋಡೋಕೆ? ಹಿಂದೆ ಜನ ನಿಂತಿದ್ದಾರೆ."

ಮೇಸ್ತ್ರಿ ಹಿಂದೆ ತಿರುಗಿ ನೋಡಿದ. ನಿಂತವರೆಲ್ಲರ ಮುಖ ತನ್ನ ಮುಖದ ಹಾಗೇ ಹಿಂಡಿದ ಬಟ್ಟೆಯಾಗಿತ್ತು. ಪಾಸ್‌ಪೋರ್ಟು ಕೊಟ್ಟ, ಹೆಬ್ಬೆರಳು ಒತ್ತಿದ, ಪುಟ್ಟ ಕ್ಯಾಮೆರಾಕ್ಕೆ ಮುಖ ತೋರಿಸಿದ. ಹುಡುಗಿ ಸೂಜಿಯಿಂದ ಫೋನಿನ ಪಕ್ಕೆ ಚುಚ್ಚಿ ಕಾರ್ಡು ಕೂರಿಸಿದಳು. ಮುಗಿಯಿತು.

ಅವನು ಅಲ್ಲಿಗೆ ಬಂದದ್ದಾದರೂ ಇಷ್ಟಪಟ್ಟಲ್ಲ. ಊರಿನ ಧಣಿ ತನ್ನ ಹಳೇ ಕಂಪ್ರೆಸರ್ ಒಂದನ್ನು ಈ ದೇಶದ ಮೀನು ಬಂದರಿನ ಫ್ಯಾಕ್ಟರಿಗೆ ಮಾರಿದ್ದ. ಆ ಯಂತ್ರ ಮೇಸ್ತ್ರಿಯ ಕೈಯಲ್ಲಿ ಬಿಟ್ಟು ಇನ್ನೊಬ್ಬರ ಕೈಯಲ್ಲಿ ಪಳಗಿದ್ದಲ್ಲ. ಆರು ವಾರ ಹೋಗಿ ಅದನ್ನು ಕೂರಿಸಿ, ಅಲ್ಲಿಯವರಿಗೆ ಅದರ ಗುಣ ಹೇಳಿಕೊಟ್ಟು ಬಾ ಎಂದು ಧಣಿ ಗಂಟುಬಿದ್ದ. ಮೇಸ್ತ್ರಿ ಒಂದು ವಾರ ಆಗಲ್ಲ ಎಂದ. ಮನೆಯಲ್ಲಿ ಹೆಂಡತಿ ಇನ್ನೊಂದು ಯಂತ್ರದ ಮೇಲೆ ಬದುಕಿದ್ದಳು.

ಹೆಂಡತಿ ಇಪ್ಪತ್ತು ವರ್ಷ ಹತ್ತಿ ಗಿರಣಿಯಲ್ಲಿ ಧೂಳು ನುಂಗಿದವಳು. ನುಂಗಿದ ಧೂಳು ಎದೆಯಲ್ಲಿ ಮನೆ ಮಾಡಿತ್ತು. ಎರಡು ವರ್ಷದಿಂದ ಮೂಗಿಗೆ ಸಣ್ಣ ಕೊಳವೆ, ಕೊಳವೆಯ ಇನ್ನೊಂದು ತುದಿಗೆ ಮೊಣಕಾಲೆತ್ತರದ ಆಕ್ಸಿಜನ್ ಮಿಷನ್ನು. ಅದೂ ಒಂದು ಕಂಪ್ರೆಸರೇ. ಗಾಳಿ ಎಳೆದು, ಒತ್ತಿ, ಸೋಸಿ, ಬೇಕಾದ್ದನ್ನು ಕೊಟ್ಟು ಬೇಡದ್ದನ್ನು ಉಗುಳುತ್ತದೆ. ಒಂದೇ ಸಮನೆ 'ಗುರ್' ಎನ್ನುತ್ತಿರುತ್ತದೆ. ಏಳು ಎಣಿಸುವಷ್ಟರಲ್ಲಿ ಒಂದು 'ಟಕ್', ಅದರ ಹಿಂದೆಯೇ 'ಪುಸ್'. ಮೇಸ್ತ್ರಿ ಕೆಲಸದಿಂದ ಬಂದವನೇ ಚಪ್ಪಲಿ ಬಿಡುವ ಮೊದಲು ಬಾಗಿಲಲ್ಲಿ ನಿಂತು ಎರಡು ಟಕ್, ಎರಡು ಪುಸ್ ಕೇಳಿ ಒಳಗೆ ಬರುತ್ತಿದ್ದ. ಹೆಂಡತಿ ಅದಕ್ಕೆ ಸವತಿ ಎಂದು ಹೆಸರಿಟ್ಟಿದ್ದಳು. "ಬಂದವರೇ ಅವಳನ್ನ ಮಾತಾಡಿಸ್ತೀರಿ. ನಾನು ಆಮೇಲೆ" ಎನ್ನುವಳು. "ಅವಳು ಚೆನ್ನಾಗಿದ್ರೆ ನೀನೂ ಚೆನ್ನಾಗಿರ್ತೀಯಲ್ಲೇ" ಎನ್ನುವನು. ಮನೆಯಲ್ಲಿ ನಗುವಿಗೆ ಉಳಿದಿದ್ದ ವಿಷಯ ಅದೊಂದೇ.

ಕೊನೆಗೆ ಹೊರಡು ಎಂದವಳೂ ಅವಳೇ. ಮಿಷನ್ನು ಹಳೆಯದು, ಇದು ಕೈಕೊಟ್ಟರೆ ಇನ್ನೊಂದು ಬೇಕು, ಹೋಗಿ ಬಂದರೆ ಅದು ಆಗುತ್ತದೆ ಎಂದಳು. ಅವಳ ತಂಗಿ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವವಳು, ಆರು ವಾರ ತಾನು ಬಂದು ಜೊತೆಗಿರುವುದಾಗಿ ಒಪ್ಪಿದಳು. ಮೇಸ್ತ್ರಿ ನಾದಿನಿಗೆ ಒಂದು ಹಾಳೆ ತುಂಬ ಬರೆದುಕೊಟ್ಟ. ಮಿಷನ್ನಿನ ಫಿಲ್ಟರು ಯಾವಾಗ ತೊಳೆಯಬೇಕು, ಅದರ ಬಾಟಲಿಗೆ ನೀರು ಎಲ್ಲಿಯವರೆಗೆ, ಕರೆಂಟು ಹೋದರೆ ಸಿಲಿಂಡರು ಹೇಗೆ ತಿರುಗಿಸಬೇಕು, ಎಲ್ಲ ಬರೆದ. ಬರೆಯದೆ ಬಿಟ್ಟದ್ದು ಒಂದೇ. ಅದು ಅವನ ತಲೆಗೆ ಹೊಳೆಯುವಂಥದ್ದೇ ಆಗಿರಲಿಲ್ಲ.

ನೀಲಿ ಕಾರ್ಡಿನ ಮೊದಲ ಮಾತು ಚೆನ್ನಾಗಿಯೇ ನಡೆಯಿತು. ಆ ಕಾರ್ಡಿನಲ್ಲಿ ಹೊರದೇಶಕ್ಕೆ ಮಾತು ಹೋಗುವುದು ಇಂಟರ್ನೆಟ್ಟಿನಲ್ಲೇ. ಹೆಂಡತಿಯದು ಹದಿನೈದು ವರ್ಷದ ಗುಂಡಿ ಫೋನು, ಅದಕ್ಕೆ ಇಂಟರ್ನೆಟ್ಟು ಹತ್ತುವುದಿಲ್ಲ. ಅದಕ್ಕೇ ನಾದಿನಿ ಕೆಲಸ ಮುಗಿಸಿ ಬಂದ ಮೇಲೆ ಅವಳ ಫೋನಿಗೆ ಮಾಡಬೇಕು. ಮಾತು ಪಕ್ಕದ ಕೋಣೆಯಿಂದ ಬಂದಂತೆ ಸ್ವಚ್ಛವಾಗಿತ್ತು. ಆ ಸ್ವಚ್ಛವೇ ಮೇಸ್ತ್ರಿಗೆ ಹಿಡಿಸಲಿಲ್ಲ.

"ಮಿಷನ್ ಹತ್ರ ಹಿಡಿಯಮ್ಮಾ ಸ್ವಲ್ಪ," ಎಂದ ನಾದಿನಿಗೆ.

"ಹಿಡಿದಿದ್ದೀನಿ ಭಾವ."

ಏನೂ ಇಲ್ಲ. ಬಾವಿಗೆ ಕಿವಿಯಿಟ್ಟ ಹಾಗೆ. "ನಿಂತುಹೋಗಿದೆಯಲ್ಲಮ್ಮಾ."

"ಓಡ್ತಾ ಇದೆ ಭಾವ. ನನ್ನ ಕಿವಿಗೆ ಹೊಡೀತಿದೆ."

ಹನ್ನೆರಡು ವರ್ಷ ಪಕ್ಕದಲ್ಲಿ ಕೂತು ಉಗುರು ಕತ್ತರಿಸುತ್ತಿದ್ದ. "ಇಂಟರ್ನೆಟ್ ಮಾತು ಹಾಗೇ ಮೇಸ್ತ್ರೀ. ಮನುಷ್ಯರ ದನಿ ಮಾತ್ರ ಬಿಡುತ್ತೆ, ಫ್ಯಾನು, ಮಿಕ್ಸಿ, ಗಾಡಿ ಸದ್ದು ಎಲ್ಲ ಗಲಾಟೆ ಅಂತ ಒರೆಸಿ ಹಾಕುತ್ತೆ. ಒಳ್ಳೇದೇ ಅಲ್ವಾ?"

ಮೇಸ್ತ್ರಿ ಜೀವಮಾನವೆಲ್ಲ ತಾನು ಕಿವಿಗೊಟ್ಟದ್ದಕ್ಕೆ ಗಲಾಟೆ ಎಂದು ಹೆಸರಿಟ್ಟು ಒರೆಸಿ ಹಾಕುವ ಕಾರ್ಡಿಗೆ ತಾನೇ ಹೆಬ್ಬೆರಳು ಒತ್ತಿ ಬಂದಿದ್ದ.

ನಾದಿನಿ ಒಮ್ಮೆ ಸದ್ದು ರೆಕಾರ್ಡ್ ಮಾಡಿ ಕಳಿಸಿದಳು. ಅದೂ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಸುಕ್ಕಿಲ್ಲದೆ ಬಂತು. ಚಿತ್ರ ಹಾಕಿ ಮಾತಾಡೋಣ ಎಂದರೆ ಆ ಕಡೆಯ ಇಂಟರ್ನೆಟ್ಟು ಬಡಕಲು. ಹೆಂಡತಿಯ ಮುಖ ಬಾಯಿ ತೆರೆದಂತೆಯೇ ನಿಂತುಬಿಡುತ್ತಿತ್ತು. ಅದನ್ನು ನೋಡುವುದಕ್ಕಿಂತ ನೋಡದಿರುವುದೇ ಮೇಲು ಎಂದು ಬಿಟ್ಟ.

ಮೂರು ವಾರ ಹೀಗೇ ಸಾಗಿತು. ಬೆಳಿಗ್ಗೆ ಆರಕ್ಕೆ ವ್ಯಾನು. ಬಂದರಿನಲ್ಲಿ ಮೀನಿನ ಪೆಟ್ಟಿಗೆ, ಉಪ್ಪು ನೀರಿನ ಜಾರಿಕೆ, ಕಿರುಚುವ ಹಕ್ಕಿಗಳು. ಕಂಪ್ರೆಸರು ಹೊಸ ಜಾಗದಲ್ಲಿ ಹಟ ಹಿಡಿದಿತ್ತು. ಅದರ ಅಡಿಪಾಯದ ಸಿಮೆಂಟು ಒಂದು ಕೂದಲೆಳೆಯಷ್ಟು ವಾಲಿದೆ ಎಂದು ಇವನು, ಇಲ್ಲ ಎಂದು ಅಲ್ಲಿಯ ಎಂಜಿನಿಯರು. ಇವನ ಮಾತು ಅವನಿಗೆ ತಿಳಿಯದು, ಅವನದು ಇವನಿಗೆ ತಿಳಿಯದು. ನಡುವೆ ಹನ್ನೆರಡು ವರ್ಷ ಇಬ್ಬರನ್ನೂ ಬೈದು ಅನುವಾದ ಮಾಡುತ್ತಿದ್ದ. ಕೆಲಸಗಾರರಿಗೆ ಕೊಟ್ಟ ಕೋಣೆ ಮೂರನೇ ಮಹಡಿಯಲ್ಲಿ. ಎರಡು ಪದರ ಗಾಜಿನ ಕಿಟಕಿ, ದಪ್ಪ ಬಾಗಿಲು, ಒಳಗೆ ಹೊಕ್ಕರೆ ಹತ್ತಿಯಲ್ಲಿ ಸುತ್ತಿಟ್ಟಂಥ ಮೌನ. ಉಳಿದವರಿಗೆ ಅದು ಸುಖ. ಸದ್ದಿನ ಪಕ್ಕದಲ್ಲೇ ಮಲಗಿ ಮುದುಕನಾದ ಮೇಸ್ತ್ರಿಗೆ ಅಲ್ಲಿ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಹಗಲು ಕೆಲಸದ ನಡುವೆ ನಿಂತಲ್ಲೇ ತೂಕಡಿಸುತ್ತಿದ್ದ.

ಇಷ್ಟರ ನಡುವೆ ಒಂದು ಲೆಕ್ಕ ಅವನ ತಲೆ ತಿನ್ನತೊಡಗಿತು. ಹೆಂಡತಿ ಊರಲ್ಲಿ ಒಂದು ಉಸಿರಿಗೆ ಏಳು ಪದ ಆಡುತ್ತಿದ್ದಳು. ಏಳಾದ ಮೇಲೆ ನಿಲ್ಲುತ್ತಿದ್ದಳು, ಮತ್ತೆ ಏಳು. ಎರಡು ವರ್ಷದಿಂದ ಅವನ ಕಿವಿಗೆ ಪಾಠವಾಗಿತ್ತು. ಮೊದಲ ವಾರ ಫೋನಿನಲ್ಲೂ ಏಳೇ. ಎರಡನೇ ವಾರ ಐದು. ಮೂರನೇ ವಾರ ಅವಳು "ಊಟ ಆಯ್ತು ರೀ, ನೀವು..." ಎಂದು ನಿಂತುಬಿಟ್ಟಳು. ನಾಲ್ಕು.

"ಬೆರಳಿಗೆ ಹಾಕೋ ಆಕ್ಸಿಜನ್ ಮೀಟರು ಎಷ್ಟು ತೋರಿಸ್ತಿದೆ?" ಎಂದು ನಾದಿನಿಯನ್ನು ಕೇಳಿದ.

"ತೊಂಬತ್ತು. ಒಂದೊಂದ್ಸಲ ಎಂಬತ್ತೊಂಬತ್ತು. ಚಳಿಗೆ ಇರಬೇಕು ಭಾವ. ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆ. ಸರಿಯಾಗದಿದ್ರೆ ದಾಖಲು ಮಾಡಿ ಅಂದ್ರು. ಮಿಷನ್ ಕಂಪನಿಯವನು ಮುಂದಿನ ವಾರ ಬರ್ತೀನಿ ಅಂದಿದ್ದಾನೆ."

"ಮಿಷನ್ನು?"

"ಓಡ್ತಾ ಇದೆ. ಮುಟ್ಟಿದ್ರೆ ಸ್ವಲ್ಪ ಬಿಸಿ. ಫಿಲ್ಟರು ನೀವು ಬರೆದ ಹಾಗೇ ತೊಳೀತಾ ಇದ್ದೀನಿ."

ಬಿಸಿ. ಆ ಒಂದು ಮಾತು ಹಿಡಿದುಕೊಂಡು ಮೇಸ್ತ್ರಿ ಬೆಳಗಿನವರೆಗೆ ಹೊರಳಾಡಿದ. ಕಾಯಿಲೆ ಹೆಂಡತಿಯದೋ ಸವತಿಯದೋ? ಹೆಂಡತಿಯದಾದರೆ ಟಿಕೆಟ್ಟು ಮಾಡಿಸಿ ಹೊರಟುಬಿಡಬೇಕು. ಸವತಿಯದಾದರೆ ವಿಮಾನದಲ್ಲಿ ಹೋಗಿ ಮುಟ್ಟುವುದರೊಳಗೆ ಕಾಲ ಮೀರಿದ್ದೀತು; ಇವತ್ತೇ ಗೊತ್ತಾಗಬೇಕು. ಎರಡು ಟಕ್, ಎರಡು ಪುಸ್ ಕೇಳಿಸಿದರೆ ಸಾಕು. ಅಷ್ಟು ಕೇಳಿಸದ ಕಿವಿ ಇಟ್ಟುಕೊಂಡು ಏನು ಮಾಡುವುದು?

ಮರುದಿನ ವಾರದ ರಜೆ. ಬೆಳಿಗ್ಗೆಯೇ ಹನ್ನೆರಡು ವರ್ಷನ ಬಾಗಿಲು ತಟ್ಟಿದ.

"ಬೇರೆ ಕಾರ್ಡು ಬೇಕು. ಹಳೇ ಕಾಲದ ಫೋನಿನ ಹಾಗೆ, ನೇರ ಮನೆ ಫೋನಿಗೆ ಹೋಗೋದು."

"ನಾನಿಲ್ಲಿ ಹನ್ನೆರಡು ವರ್ಷ..."

"ಹದಿಮೂರನೇ ವರ್ಷಕ್ಕೆ ಹೊಸದೊಂದು ಕಲಿ. ಎದ್ದು ಬಾ."

ಪಾಸ್‌ಪೋರ್ಟು ಫ್ಯಾಕ್ಟರಿಯ ಆಫೀಸಿನಲ್ಲಿತ್ತು. ರಜೆಯಾದ್ದರಿಂದ ಕಾವಲಿನವನನ್ನು ಕಾಡಿ ಬೇಡಿ, ಬೀಗ ತೆಗೆಸಿ, ಪುಸ್ತಕದಲ್ಲಿ ಸಹಿ ಹಾಕಿ ತರುವಷ್ಟರಲ್ಲಿ ಗಂಟೆ ಹತ್ತಾಯಿತು. ಊರಲ್ಲಿ ಆಗ ಮಧ್ಯಾಹ್ನ. ನಾದಿನಿ ಕೆಲಸದಲ್ಲಿ, ಹೆಂಡತಿ ಒಬ್ಬಳೇ, ದಿಂಬಿನಡಿ ಗುಂಡಿ ಫೋನು.

ಬಂದರಿನ ಹಿಂದಿನ ಬೀದಿಯಲ್ಲಿ ಹಡಗಿನ ಕೂಲಿಗಳು ಹೋಗುವ ಒಂದು ಅಂಗಡಿ. ಹಗ್ಗ, ರಬ್ಬರ್ ಬೂಟು, ಬ್ಯಾಟರಿ, ಸಾಬೂನು, ಅವುಗಳ ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಸಿಮ್ ಕಾರ್ಡುಗಳು. ಅಂಗಡಿಯಾಕೆ ಮೇಸ್ತ್ರಿಯ ವಯಸ್ಸಿನವಳೇ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿದ್ದಳು. ಅವಳು ಮೊದಲು ತೆಗೆದದ್ದು ಅದೇ ನೀಲಿ. ಮೇಸ್ತ್ರಿ ತಲೆಯಾಡಿಸಿದ. ಕೆಂಪು ತೆಗೆದಳು. ಅದರಲ್ಲಿ ಇಂಟರ್ನೆಟ್ಟು ಇನ್ನೂ ಹೆಚ್ಚು. ಹಸಿರು ಹದಿನೈದು ದಿನದ ಪ್ರವಾಸಿಗರಿಗೆ, ಹೊರದೇಶದ ಕರೆಗೆ ಬೀಗ ಹಾಕಿದೆ.

"ಇಂಟರ್ನೆಟ್ ಎಷ್ಟು ಬೇಕು ಅಂತ ಕೇಳ್ತಿದ್ದಾಳೆ," ಎಂದ ಹನ್ನೆರಡು ವರ್ಷ.

"ಒಂದು ಹನಿಯೂ ಬೇಡ ಅನ್ನು."

ಅವಳು ಕನ್ನಡಕ ಏರಿಸಿ ಇವನನ್ನು ಮೇಲಿಂದ ಕೆಳಗೆ ನೋಡಿದಳು. ಬಗ್ಗಿ, ಕೆಳಗಿನ ಡ್ರಾಯರ್ ಎಳೆದು, ಅಂಚು ಹಳದಿಯಾದ ಒಂದು ಬಿಳಿ ಲಕೋಟೆ ತೆಗೆದಳು.

"ಇದು ಯಾರೂ ತಗೊಳ್ಳಲ್ಲವಂತೆ. ಹಡಗಿನ ಮುದುಕರಿಗೆ ಅಂತ ಇಟ್ಟಿರೋದಂತೆ. ಮಾತು ಬಿಟ್ರೆ ಬೇರೇನೂ ಇಲ್ಲ. ನಲವತ್ತು ನಿಮಿಷ ಆದ್ರೆ ಮುಗೀತು."

"ನಾನೂ ಮುದುಕನೇ ಅಂತ ಹೇಳು. ಓಡಿಸಿ ನೋಡಿ ತಗೋತೀನಿ ಅಂತಲೂ ಹೇಳು."

ಹನ್ನೆರಡು ವರ್ಷ ಸಂಕೋಚದಿಂದ ಹೇಳಿದ. ಆಶ್ಚರ್ಯವೆಂದರೆ ಆಕೆ ನಗಲಿಲ್ಲ. ಆ ಅಂಗಡಿಗೆ ಬಂದ ಬ್ಯಾಟರಿ, ದೀಪ ಎಲ್ಲವನ್ನೂ ಜನ ಹಾಕಿ ನೋಡಿಯೇ ಕೊಳ್ಳುತ್ತಿದ್ದರೋ ಏನೋ. ಪಾಸ್‌ಪೋರ್ಟಿನ ಪಟ ತೆಗೆದುಕೊಂಡು, ಕಾರ್ಡು ಕೂರಿಸಿ, ಒಂದು ಪ್ಲಾಸ್ಟಿಕ್ ಸ್ಟೂಲು ಎಳೆದು ಕೊಟ್ಟಳು.

ಮೇಸ್ತ್ರಿ ಗೋಡೆಗೆ ಬೆನ್ನು ಕೊಟ್ಟು ಕೂತು ನಂಬರು ಒತ್ತಿದ. ಕರಕರ ಎಂದಿತು. ದೂರದಲ್ಲಿ ಏನೋ ತಿರುಗಿತು. ಆಮೇಲೆ ಗಂಟೆ.

"ಹಲೋ, ಯಾರು?"

"ನಾನೇ ಕಣೇ."

"ಈ ಹೊತ್ತಲ್ಲಿ... ಯಾಕ್ರೀ, ಹುಷಾರಾಗಿದ್ದೀರಾ?"

ಅವಳ ದನಿ ತಗಡಿನ ಡಬ್ಬಿಯಿಂದ ಬಂದಂತಿತ್ತು. ಆದರೆ ಅದರ ಹಿಂದೆ ಎಲ್ಲ ಇತ್ತು. ಕಿಟಕಿಯ ಹೊರಗೆ ಕಾಗೆ, ಬೀದಿಯಲ್ಲಿ ಯಾರದೋ ಸ್ಕೂಟರು, ಅವಳ ಕೊಳವೆಯ ಸಣ್ಣ ಸುಯ್‌ಗುಟ್ಟು. ಹಳೇ ಗುಂಡಿ ಫೋನಿಗೆ ಯಾವುದು ಮಾತು ಯಾವುದು ಗಲಾಟೆ ಎಂಬ ಜಾಣತನ ಇರಲಿಲ್ಲ. ಇದ್ದದ್ದನ್ನೆಲ್ಲ ಬಾಚಿ ಕಳಿಸುತ್ತಿತ್ತು.

"ಮಾತಾಡಬೇಡ. ಫೋನು ಸವತಿ ಕಡೆ ಹಿಡಿ."

ಈ ಕಡೆ ಅಂಗಡಿಯ ಮೇಜಿನ ಫ್ಯಾನು ಬಡಬಡಿಸುತ್ತಿತ್ತು. ಮೇಸ್ತ್ರಿ ಅದರ ಕಡೆ ಕೈ ತೋರಿಸಿದ. ಆಕೆ ಏನೆಂದು ಕೇಳದೆ ಆರಿಸಿದಳು. ಅವನು ಎಡಗಿವಿಗೆ ಫೋನು ಒತ್ತಿ, ಬಲಗೈಯಲ್ಲಿ ಹಣೆ ಹಿಡಿದು, ಕಣ್ಣು ಮುಚ್ಚಿದ. ಮೈಯೆಲ್ಲ ಕಿವಿಯಾಯಿತು.

ಗುರ್ ಇತ್ತು. ಟಕ್ ಇತ್ತು, ಏಳಕ್ಕೇ ಬಂತು. ವಾಲ್ವು ಸರಿಯಿದೆ. ಆದರೆ ಪುಸ್ ಎನ್ನುವುದು ಎಲ್ಲಿ? ಇತ್ತು, ಇಲ್ಲದಂತಿತ್ತು, ಬಾಯಿಗೆ ಬಟ್ಟೆ ಅಡ್ಡ ಇಟ್ಟುಕೊಂಡು ಕೆಮ್ಮಿದ ಹಾಗೆ. ಗುರ್ ಕೂಡ ಎಂದಿನ ಗುರ್ ಅಲ್ಲ. ಏದುತ್ತಿತ್ತು. ಸುಡುಬಿಸಿಲಲ್ಲಿ ದಪ್ಪ ಬಟ್ಟೆ ಹೊದ್ದು ಮೂಟೆ ಹೊರುವವನ ಉಸಿರು ಅದು.

"ಅದರ ಮೇಲೆ ಏನು ಹೊದಿಸಿದ್ದೀಯ?"

ಆ ಕಡೆ ಒಂದು ಕೆಮ್ಮು.

"ನಿನ್ನನ್ನೇ ಕೇಳಿದ್ದು."

"ಏನಿಲ್ಲ ರೀ. ಹಳೇ ರಜಾಯಿ." ಉಸಿರು ತೆಗೆದುಕೊಂಡಳು. "ನಾಲ್ಕು ಮಡಿಕೆ ಮಾಡಿ, ಅಷ್ಟೆ."

"ಯಾಕೆ?"

"ತಂಗಿಗೆ ನಿದ್ದೆ ಬರ್ತಿರಲಿಲ್ಲ. ಪಾಪ, ಬೆಳಗಿಂದ ನಿಂತೇ ಇರ್ತಾಳೆ. ಬಂದು ಮಲಗಿದ್ರೆ ಇದರ ಸದ್ದು. ಕಣ್ಣು ಕೆಂಪಗೆ ಮಾಡ್ಕೊಂಡು ಕೆಲಸಕ್ಕೆ ಹೋಗ್ತಿದ್ಲು. ಅವಳು ಒಂದು ಮಾತೂ ಅನ್ನಲಿಲ್ಲ ರೀ. ನಾನೇ ಹೊದಿಸಿದೆ. ಬೇರೆಯವರಿಂದ ಮಾಡಿಸ್ಕೊಳ್ಳೋರು ನಾವು, ನಿದ್ದೆನಾದ್ರೂ ಬೇಡ್ವಾ ಅವಳಿಗೆ?"

ಇಷ್ಟು ಹೇಳಲು ಅವಳು ಹತ್ತು ಕಡೆ ನಿಂತಳು.

ಮೇಸ್ತ್ರಿ ಬೈಯಬೇಕೆಂದು ಬಾಯಿ ತೆರೆದವನು ಹಾಗೇ ಮುಚ್ಚಿದ. ಹಾಳೆ ತುಂಬ ಬರೆದಿದ್ದನಲ್ಲ, ಮಿಷನ್ನನ್ನು ಮುಚ್ಚಬಾರದು ಎಂದು ಬರೆದಿರಲಿಲ್ಲ. ಅದನ್ನು ಯಾರಾದರೂ ಯಾಕೆ ಮುಚ್ಚುತ್ತಾರೆ? ಸದ್ದು ನಿಂತರೆ ಎಚ್ಚರವಾಗುವವನು ಅವನು. ಸದ್ದು ಇದ್ದರೆ ಮನುಷ್ಯರಿಗೆ ನಿದ್ದೆ ಬರುವುದಿಲ್ಲ ಎಂಬುದು ಮೂವತ್ತಾರು ವರ್ಷದಲ್ಲಿ ಒಂದು ದಿನವೂ ಅವನ ಬುದ್ಧಿಗೆ ಬಂದಿರಲಿಲ್ಲ.

"ಈಗಲೇ ತೆಗಿ."

ರಜಾಯಿ ಸರಿದ ಸದ್ದು. ಗುರ್ ಎನ್ನುವುದು ಒಮ್ಮೆಲೇ ದಪ್ಪವಾಗಿ ಕಿವಿ ತುಂಬಿತು.

"ಗೋಡೆಯಿಂದ ಒಂದು ಮೊಳ ಈಚೆಗೆ ಎಳಿ. ಚಕ್ರ ಇದೆ, ಮೆಲ್ಲಗೆ. ಕೂತುಕೊಂಡೇ ಎಳಿ. ಈಗ ಕೇಳು. ಮಂಚದ ಕೆಳಗೆ ನೀಲಿ ತಗಡಿನ ಪೆಟ್ಟಿಗೆ ಇದೆಯಲ್ಲ, ಅದರಲ್ಲಿ ಉದ್ದದ ಕೊಳವೆ ಇದೆ. ಸಂಜೆ ತಂಗಿ ಬಂದ ಮೇಲೆ ಅದನ್ನ ಹಾಕಿಸ್ಕೊ. ಮಿಷನ್ನು ಪಡಸಾಲೆ ಕಿಟಕಿ ಹತ್ರ ಇಡಲಿ, ಬಾಗಿಲು ಮುಂದಕ್ಕೆ ಎಳೀಲಿ. ಅವಳಿಗೆ ನಿದ್ದೆ, ಅದಕ್ಕೆ ಗಾಳಿ. ಕೊಳವೆ ಬಾಗಿಲ ಸಂದಿಗೆ ಸಿಕ್ಕಬಾರದು, ಅಷ್ಟು ನೋಡಿಕೊಳ್ಳೋಕೆ ಹೇಳು."

"ಹೂಂ. ಬೈಯಿರಿ. ಬೈದುಬಿಟ್ರೆ ಸಮಾಧಾನ."

"ಬೈಯಲ್ಲ. ಸುಮ್ಮನೆ ಒರಗಿಕೋ. ಫೋನು ಅದರ ಮೇಲೇ ಇಟ್ಟುಬಿಡು."

"ನಿಮಿಷ ಓಡುತ್ತಲ್ರೀ."

"ಓಡಲಿ. ನಾನು ಅವಳ ಜೊತೆ ಮಾತಾಡ್ತಿದ್ದೀನಿ. ಎಷ್ಟು ದಿನವಾಯ್ತು ಅವಳ ದನಿ ಕೇಳಿ."

"ಸವತಿ ಅಂದಿದ್ದು ಸುಳ್ಳಲ್ಲ," ಎಂದಳು. ಫೋನು ತಗಡಿನ ಮೇಲೆ ಕೂತ ಸದ್ದು ಕೇಳಿಸಿತು.

ಯಂತ್ರ ತಣಿಯಲು ಹೊತ್ತು ಬೇಕು. ಮೇಸ್ತ್ರಿ ಕಣ್ಣು ಮುಚ್ಚಿಯೇ ಕಾದ. ಏದುಸಿರು ನಿಧಾನಕ್ಕೆ ಹದಕ್ಕೆ ಬಂತು. ಏಳಕ್ಕೆ ಟಕ್, ಹಿಂದೆಯೇ ಪುಸ್, ಬಾಯಿ ಬಿಚ್ಚಿದ ಪುಸ್. ಮತ್ತೆ ಏಳು. ಮೂರು ವಾರ ಬಿಗಿಹಿಡಿದಿದ್ದ ಹೆಗಲು ತಾನಾಗಿ ಕೆಳಗಿಳಿಯಿತು. ಹನ್ನೆರಡು ವರ್ಷ ಏನೋ ಕೇಳಿದ, ಬಲಗಡೆ ನಿಂತು ಕೇಳಿದ್ದರಿಂದ ಮೇಸ್ತ್ರಿಗೆ ಕೇಳಿಸಲಿಲ್ಲ. ಎಡಗಡೆ ಬಂದು ನೋಡಿದರೆ ಮನುಷ್ಯ ಗೋಡೆಗೆ ತಲೆಯಾನಿಸಿ, ಫೋನು ಕಿವಿಗೆ ಹಾಗೇ ಒತ್ತಿಕೊಂಡು, ಬಾಯಿ ತುಸು ತೆರೆದು ನಿದ್ದೆ ಹೋಗಿದ್ದ.

ಅಂಗಡಿಯಾಕೆ ಬೆರಳು ತುಟಿಗಿಟ್ಟುಕೊಂಡಳು. ಬಂದ ಇಬ್ಬರು ಗಿರಾಕಿಗಳಿಗೆ ಹಗ್ಗವನ್ನು ಸದ್ದಿಲ್ಲದೆ ಅಳೆದು ಕೊಟ್ಟಳು. ಫ್ಯಾನು ಮಾತ್ರ ಹಾಕಲಿಲ್ಲ. ಸೆಕೆಗೆ ಒಂದು ರಟ್ಟಿನಿಂದ ಗಾಳಿ ಬೀಸಿಕೊಂಡಳು.

ನಲವತ್ತು ನಿಮಿಷಕ್ಕೆ ಕಾರ್ಡು ಬರಿದಾಗಿ ಕರೆ ಕಡಿಯಿತು. ಸದ್ದು ನಿಂತದ್ದೇ ಮೇಸ್ತ್ರಿ ಬೆಚ್ಚಿ ಎದ್ದ.

"ನಿಂತಿದ್ದು ಕಾರ್ಡು ಮೇಸ್ತ್ರೀ, ಮಿಷನ್ನಲ್ಲ," ಎಂದ ಹನ್ನೆರಡು ವರ್ಷ. ಅವನ ದನಿಯಲ್ಲಿ ಮೊದಲ ಸಲ ಹನ್ನೆರಡು ವರ್ಷದ ಜಂಬ ಇರಲಿಲ್ಲ. "ಇನ್ನೊಂದು ತಗೊಳ್ಳೋಣ?"

"ಎರಡು ಕೊಡೋಕೆ ಹೇಳು."

ಸಂಜೆ ನೀಲಿ ಕಾರ್ಡು ಹಾಕಿ ನಾದಿನಿಯ ಫೋನಿಗೆ ಮಾಡಿದ. ಅವಳು ಅಳುವ ದನಿಯಲ್ಲಿ, "ಭಾವ, ಮುಚ್ಚಬಾರದು ಅಂತ ನಂಗೆ ಗೊತ್ತೇ ಇರಲಿಲ್ಲ. ಚಳಿಗೆ ಅಕ್ಕ ಹೊದಿಸಿದ್ದಾಳೆ ಅಂದ್ಕೊಂಡಿದ್ದೆ" ಎಂದಳು. ಮಿಷನ್ನು ಪಡಸಾಲೆಗೆ ಹೋಗಿತ್ತು. ಮೀಟರು ತೊಂಬತ್ತೆರಡು ತೋರಿಸುತ್ತಿತ್ತು. "ನಿನ್ನ ತಪ್ಪಲ್ಲಮ್ಮ, ಮಲಗು ನೀನು," ಎಂದ ಮೇಸ್ತ್ರಿ.

ಆಮೇಲೆ ಹೆಂಡತಿಯ ದನಿ, ಒರೆಸಿ ತೊಳೆದ ದನಿ, ಹಿಂದೆ ಯಾವ ಸದ್ದೂ ಇಲ್ಲದ್ದು. "ಈವತ್ತು ನೀವು ಫೋನಲ್ಲೇ ನಿದ್ದೆ ಮಾಡಿಬಿಟ್ರಾ? ಗೊರಕೆ..." ಎಂದು ಉಸಿರಿಗೆ ನಿಂತಳು.

ಮೇಸ್ತ್ರಿ ಬೆರಳು ಮಡಿಸಿ ಎಣಿಸಿದ್ದ. ಆರು. ಏಳಾಗಿರಲಿಲ್ಲ.

"ಗೊರಕೆ ಏನು?" ಎಂದ.

"ಸವತಿಗೂ ಕೇಳಿಸ್ತು," ಎಂದಳು.